ಸುಮ್ಮನಿರುವ ಕೂಸುಗಳ ಮನೆ

ಶಹಾಬಾದ್
೧೧ ಜೂನ್ ೧೯೭೪

ಅಕ್ಕಾ,

ಜೈಭೀಮ್. ಶನಿವಾರ ಸಂಜೆ ರಮಾಳನ್ನು ಕರೆದುಕೊಂಡು ಇಲ್ಲಿಗೆ ಬಂದು ಮುಟ್ಟಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಲಗಿಯೇ ಇದ್ದಳು. ರವಿವಾರ ಬೆಳಿಗ್ಗೆ ಎದ್ದವಳು ಅಳಲು ಶುರು ಮಾಡಿದಳು. ಇವತ್ತು ಮಂಗಳವಾರ, ಇನ್ನೂ ನಿಲ್ಲಿಸಿಲ್ಲ. ಹೆಚ್ಚು ಮಾಡಿ ಹೇಳುತ್ತಿಲ್ಲ, ಗಡಿಯಾರ ನೋಡಿ ಹೇಳುತ್ತಿದ್ದೇನೆ. ನಿನ್ನೆ ಒಟ್ಟು ಎರಡು ಗಂಟೆ ಮಲಗಿರಬೇಕು, ಅದೂ ಚೂರು ಚೂರಾಗಿ. ಮೂಗು ಒಂದೇ ಸಮನೆ ಸೋರುತ್ತದೆ, ಆದರೆ ಜ್ವರ ಇಲ್ಲ. ಬೆವರುತ್ತಾಳೆ, ಆಕಳಿಸುತ್ತಾಳೆ, ಹೊಟ್ಟೆ ಕೆಟ್ಟಿದೆ. ಎತ್ತಿಕೊಂಡರೆ ಮೈ ಸೆಟೆದು ಹಿಂದಕ್ಕೆ ಬಾಗುತ್ತಾಳೆ, ನನ್ನ ಕೈ ಸುಡುತ್ತಿದೆ ಎನ್ನುವ ಹಾಗೆ.

ತರಬೇತಿ ಮೂರು ತಿಂಗಳು, ರಾಯಚೂರಿನಲ್ಲಿ ಐದು ತಿಂಗಳು. ಒಟ್ಟು ಎಂಟು ತಿಂಗಳು ನನ್ನ ಮಗಳು ನಿನ್ನ ಮಗಳಾಗಿದ್ದಳು. ಈಗ ನಿನ್ನನ್ನು ಬೇಡಿ ಅಳುತ್ತಿದ್ದಾಳೆ. ಅದು ನ್ಯಾಯವೇ. ನನಗೆ ಸಿಟ್ಟಿಲ್ಲ. ಆದರೆ ನೀನು ಅವಳನ್ನು ಹೇಗೆ ಮಲಗಿಸುತ್ತಿದ್ದೆ, ಏನು ಕೊಡುತ್ತಿದ್ದೆ, ಒಂದೊಂದಾಗಿ ಬರೆ. ಏನೂ ಬಿಡಬೇಡ.

ಟೆಲಿಫೋನ್ ಎಕ್ಸ್‌ಚೇಂಜಿಗೆ ಅವಳನ್ನು ನಿನ್ನೆ ಜೊತೆಗೇ ಕರೆದುಕೊಂಡು ಹೋಗಿದ್ದೆ. ನಮ್ಮ ಸೂಪರ್‌ವೈಸರ್ ನಾಗೇಂದ್ರಪ್ಪನವರು ಕೆಟ್ಟವರಲ್ಲ. ಆದರೆ ಎರಡು ತಾಸು ಕೇಳಿ ಎದ್ದು ಬಂದರು. "ನೋಡವ್ವ, ಸಿಮೆಂಟ್ ಫ್ಯಾಕ್ಟ್ರಿ ಸಾಹೇಬ್ರು ಟ್ರಂಕ್ ಕಾಲಿನ್ಯಾಗ ಮುಂಬೈ ಜೋಡಿ ಮಾತಾಡಾಕತ್ತಾರ. ನಡುವ ನಿನ್ನ ಮಗಳ ರಾಗ ಕೇಳಿ 'ಎಕ್ಸ್‌ಚೇಂಜಿನ್ಯಾಗ ಬಾಣಂತನ ನಡದದೇನ್ರಿ' ಅಂತ ನನ್ನ ಕೇಳ್ಯಾರ. ನಾ ಏನ್ ಹೇಳ್ಲಿ?" ಅಂದರು. ನಗುತ್ತಲೇ ಅಂದರು. ಆಮೇಲೆ ನಗಲಿಲ್ಲ. "ನಿಂದು ಇನ್ನಾ ಪ್ರೊಬೇಷನ್. ಲೈಸೆನ್ಸ್ ಇದ್ದ ಜಾಗಾದಾಗ ಕೂಸಿನ್ನ ಬಿಡು. ಆ ಲೈಸೆನ್ಸಿನ ನಂಬರ್ ತಿಂಗಳ ಒಳಗ ನನಗ ತಂದು ಕೊಡು. ಇಲ್ಲಂದ್ರ ನನ್ನ ರಿಪೋರ್ಟಿನ್ಯಾಗ ನಾ ಬರೀಬೇಕಾಗ್ತದ."

ಹಾಗಾಗಿ ಜಾಗ ಹುಡುಕುತ್ತಿದ್ದೇನೆ. ಸೂರ್ಯಕಾಂತ ಅವರಿಗೆ ತಮ್ಮ ಮಗಳ ವಿಷಯ ಏನೂ ಬರೆದಿಲ್ಲ. ಗಡಿಯಲ್ಲಿ ಬಂದೂಕು ಹಿಡಿದು ನಿಂತ ಸಿಪಾಯಿ ಇದಕ್ಕೆ ಏನು ಮಾಡಬಲ್ಲರು?

ನಿನ್ನ ತಂಗಿ,
ಭೀಮಬಾಯಿ


ಸುಲೇಪೇಟ
೧೫ ಜೂನ್ ೧೯೭೪

ಭೀಮಾ,

ನಿನ್ನ ಪತ್ರ ಇವತ್ತೇ ಬಂತು. ನಾಳೆ ನಿನ್ನ ಭಾವ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಲು ಲಾರಿಯ ಜೊತೆ ಶಹಾಬಾದಿಗೆ ಬರುತ್ತಿದ್ದಾರೆ. ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಕೂಸು ಅಂದ ಮೇಲೆ ಅಳುತ್ತದೆ. ನೀರು ಬದಲಾಯಿತು, ಗಾಳಿ ಬದಲಾಯಿತು. ಆ ಊರಲ್ಲಿ ಗಾಳಿಗಿಂತ ಸಿಮೆಂಟಿನ ಧೂಳೇ ಹೆಚ್ಚು ಎಂದು ಇವರು ಹೇಳುತ್ತಾರೆ. ಮೂಗು ಸೋರದೆ ಇನ್ನೇನಾಗುತ್ತದೆ?

ಹೇಗೆ ಮಲಗಿಸುತ್ತಿದ್ದೆ ಎಂದು ಕೇಳಿದ್ದೀಯ. ಕಾಲು ಚಾಚಿ ಅದರ ಮೇಲೆ ಹಾಕಿಕೊಂಡು ತಟ್ಟುತ್ತಿದ್ದೆ. ಜೋಗುಳ ಹಾಡುತ್ತಿದ್ದೆ. ರಾತ್ರಿ ಜೋಳದ ಅಂಬಲಿ ಕುಡಿಸುತ್ತಿದ್ದೆ. ಅಷ್ಟೇ. ಬೇರೆ ಏನಿರುತ್ತದೆ? ನಮ್ಮನ್ನೆಲ್ಲ ಅವ್ವ ಹೇಗೆ ಬೆಳೆಸಿದಳೋ ಹಾಗೆಯೇ ಬೆಳೆಸಿದೆ. ನೀನು ಕಲಿತವಳು, ಪಟ್ಟಿ ಮಾಡಿ ಕೇಳುತ್ತೀಯ. ಕೂಸು ಪಟ್ಟಿ ಓದುವುದಿಲ್ಲ.

ಒಂದು ಮಾತು ಕೇಳು. ಹುಡುಗಿಯರ ಕೈಯಲ್ಲಿ ಬಿಡಬೇಡ. ನಾಲ್ಕು ಮಕ್ಕಳನ್ನು ಸಂಭಾಳಿಸಿ ಗೊತ್ತಿರುವ, ವಯಸ್ಸಾದ ಹೆಣ್ಣುಮಗಳ ಕೈಗೆ ಕೊಡು. ಅಂಥವರಿಗೆ ಎಲ್ಲ ಗೊತ್ತಿರುತ್ತದೆ. ನೀನು ಬಿಡುವ ಮನೆಯನ್ನು ತಾವೂ ಕಣ್ಣಾರೆ ನೋಡಿಕೊಂಡು ಬರಬೇಕೆಂದು ಇವರಿಗೆ ಹೇಳಿದ್ದೇನೆ. ತಡೆಯಬೇಡ. ಗಂಡಸರು ಒಂದು ಸಲ ಹೋಗಿ ನಿಂತು ಬಂದರೆ ಆ ಮನೆಯವರಿಗೂ ಹೆದರಿಕೆ ಇರುತ್ತದೆ.

ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ನಾನೇ ಹೊಲಿದ ಎರಡು ಫ್ರಾಕು ಕಳಿಸಿದ್ದೇನೆ. ನನಗೇ ಬರಬೇಕೆಂದಿತ್ತು. ಬಿತ್ತಿಗೆ ಶುರುವಾಗಿದೆ. ತೀರ ಆಗದಿದ್ದರೆ ಕೂಸನ್ನು ಇವರ ಜೊತೆ ವಾಪಸು ಕಳಿಸು. ನನ್ನ ಹತ್ತಿರ ಒಂದು ದಿನವೂ ಹೀಗೆ ಅತ್ತವಳಲ್ಲ.

ಪೀರಮ್ಮ


ಶಹಾಬಾದ್
೨೪ ಜೂನ್ ೧೯೭೪

ಅಕ್ಕಾ,

ಜಾಗ ಸಿಕ್ಕಿತು. ರಮಾ ಸುಮ್ಮನಾದಳು. ಮೊದಲು ಇದನ್ನೇ ಬರೆಯಬೇಕೆಂದು ಬರೆದೆ. ಇನ್ನು ವಿವರ.

ಮೂರು ಮನೆ ನೋಡಿದೆ. ಮೊದಲನೆಯದು ಸ್ಟೇಷನ್ ಹತ್ತಿರ, ಒಬ್ಬ ರೈಲ್ವೆ ಗಾರ್ಡಿನ ವಿಧವೆಯದು. ಕಿಟಕಿ ಇಲ್ಲದ ಒಂದು ಖೋಲಿ, ಬಾಗಿಲಲ್ಲೇ ಉರಿಯುವ ಸ್ಟೋವು. ನಾನು ಒಳಗೆ ಹೋಗಲಿಲ್ಲ.

ಎರಡನೆಯದು ಜೈತುನ್‌ಬೀ ಎಂಬವಳ ಪಡಸಾಲೆ. ಕಲ್ಲುಗಣಿಯಲ್ಲಿ ಫರಸಿ ಹೊರುವ ಹೆಂಗಸರು ತಮ್ಮ ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಒಂಬತ್ತು ಮಕ್ಕಳಿದ್ದವು, ನಾನು ಎಣಿಸಿದೆ. ಒಂಬತ್ತರಲ್ಲಿ ನಾಲ್ಕು ಅಳುತ್ತಿದ್ದವು, ಎರಡು ಹೊಡೆದಾಡುತ್ತಿದ್ದವು, ಒಂದು ಕೋಳಿಯ ಬೆನ್ನು ಹತ್ತಿತ್ತು. ಅಷ್ಟು ಗದ್ದಲ ನಮ್ಮ ಟೆಲಿಫೋನ್ ಬೋರ್ಡಿನಲ್ಲಿ ದೀಪಾವಳಿ ದಿನವೂ ಇರುವುದಿಲ್ಲ. "ಲೈಸೆನ್ಸ್ ಅದ ಏನ್ರಿ?" ಎಂದು ಕೇಳಿದೆ. ಅವಳು ಒಂದು ಮಗುವಿನ ಮೂಗು ಒರೆಸುತ್ತ, "ಬೇಟಿ, ಇವ್ರ ಅವ್ವಂದಿರು ನನಗ ಅದನ್ನ ಎಂದೂ ಕೇಳಿಲ್ಲ. ಸಂಜಿಕ ಬಂದು 'ಎಲ್ಲಾ ಅದಾವೇನ' ಅಂತ ಎಣಿಸಿ ಒಯ್ತಾರ, ಅಷ್ಟೇ" ಅಂದಳು.

ಆಮೇಲೆ ರಮಾಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣಿನ ಪಾಪಿ ನೋಡು, ಎಷ್ಟ ಅಗಲ ಆಗ್ಯಾವ. ಈ ಕೂಸು ನಿನ್ನ ಬೇಡಾಕತ್ತಿಲ್ಲ, ಊಟ ಬೇಡಾಕತ್ತಿಲ್ಲ. ಬ್ಯಾರೇನೋ ಬೇಡಾಕತ್ತದ. ಇದಕ್ಕ ಮುಂಚಿ ಯಾರ್ ಸಂಭಾಳಸ್ತಿದ್ರು? ಅವ್ರನ್ನ ಕೇಳು." ದೆವ್ವ, ಗಾಳಿ, ತಾಯತ ಎನ್ನುವ ಜಾತಿಯ ಮಾತು. ಬೌದ್ಧರಾಗಿ ಅಂಥದ್ದನ್ನು ಬಿಟ್ಟು ನಾವು ಹದಿನೆಂಟು ವರ್ಷವಾಯಿತು. ಮುಂದೆ ಕೇಳದೆ ಎದ್ದು ಬಂದೆ. ನಾನು ಗಲ್ಲಿ ದಾಟುವವರೆಗೂ ಹಿಂದಿನಿಂದ ಏನೋ ಕೂಗಿ ಹೇಳುತ್ತಲೇ ಇದ್ದಳು.

ಮೂರನೆಯದು ಸುಂದರಬಾಯಿಯವರ ಶಿಶುವಿಹಾರ. ಅಕ್ಕಾ, ನೀನು ನೋಡಬೇಕಿತ್ತು. ಸುಣ್ಣ ಬಳಿದ ಗೋಡೆ. ಮುಚ್ಚಳ ಹಾಕಿದ ನೀರಿನ ಹಂಡೆ. ಸಾಲಾಗಿ ಹದಿನಾಲ್ಕು ಹಾಸಿಗೆ, ಪ್ರತಿ ಹಾಸಿಗೆಗೂ ನಂಬರು. ಬಾಗಿಲ ಮೇಲೆ ಗಾಜು ಹಾಕಿ ತೂಗುಹಾಕಿದ ಲೈಸೆನ್ಸು, ಅದರ ಮೇಲೆ ಸರ್ಕಾರದ ಮುದ್ರೆ. ನಾನು ಹೋದಾಗ ಹನ್ನೊಂದು ಗಂಟೆ. ಅಷ್ಟೂ ಮಕ್ಕಳು ಮಲಗಿದ್ದವು. ಒಳಗೆ ಗಡಿಯಾರದ ಸಪ್ಪಳ ಕೇಳಿಸುತ್ತಿತ್ತು. ಸುಂದರಬಾಯಿಗೆ ಐವತ್ತರ ಮೇಲೆ ವಯಸ್ಸು, ನೀನು ಹೇಳಿದಂಥವರೇ. ಅವರ ಕೈಕೆಳಗೆ ಒಬ್ಬ ಆಯಾ. ಅಲ್ಲಿಯೇ ನಿಂತು ನಂಬರ್ ಬರೆದುಕೊಂಡೆ.

ಮೊದಲ ಎರಡು ದಿನ ರಮಾ ಅಲ್ಲೂ ಅತ್ತಳು. "ಬಾಯಿ, ಇದೊಂದು ಕೂಸಿಂದ ಹದಿಮೂರು ಏಳಾಕತ್ತಾವ. ಸೋಮವಾರ ಒಂದಿನ ನೋಡ್ತೀನಿ, ಆಗಲಿಲ್ಲಂದ್ರ ಬ್ಯಾರೆ ಕಡಿ ನೋಡ್ಕೊರಿ" ಎಂದು ಸುಂದರಬಾಯಿ ಅಂದಿದ್ದರು. ಸೋಮವಾರ ಭಾವ ನನ್ನ ಜೊತೆ ಬಂದು ಬಿಟ್ಟರು. ನಾನು ಡ್ಯೂಟಿಗೆ ಓಡಿದೆ, ಅವರು ಹಿಂದೆ ಉಳಿದು ಸುಂದರಬಾಯಿ ಜೊತೆ ಮಾತಾಡಿದರು. ಸಂಜೆ ಹೋಗಿ ನೋಡಿದರೆ ಬೇರೆಯದೇ ಕೂಸು. ಮೂಗು ಒಣಗಿದೆ, ಮೈ ಸಡಿಲ, ನನ್ನ ಹೆಗಲ ಮೇಲೆ ತಲೆ ಇಟ್ಟಳು. ನಮ್ಮವರ ಮುಖ ಒಂದು ಸಲ ನೋಡಬೇಕಿತ್ತೇನೋ ಅವಳಿಗೆ. ಅಂದಿನಿಂದ ಅಲ್ಲಿ ಒಂದು ದಿನವೂ ತಕರಾರಿಲ್ಲ.

ನಾಗೇಂದ್ರಪ್ಪನವರಿಗೆ ನಂಬರ್ ಕೊಟ್ಟೆ. ಎಂಟು ತಿಂಗಳಾದ ಮೇಲೆ ಮೊದಲ ಸಲ ನನಗೆ ಉಸಿರಾಡಲು ಆಗುತ್ತಿದೆ.

ಭೀಮಬಾಯಿ


ಸುಲೇಪೇಟ
೩೦ ಜೂನ್ ೧೯೭೪

ಭೀಮಾ,

ಪತ್ರ ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಾನು ಹೇಳಿರಲಿಲ್ಲವೇ, ವಯಸ್ಸಾದವರಿಗೆ ಗೊತ್ತಿರುತ್ತದೆ ಎಂದು? ಆ ಸಾಬರ ಹೆಂಗಸಿನ ಮಾತು ತಲೆಗೆ ಹಚ್ಚಿಕೊಳ್ಳಬೇಡ. ಆ ಕಡೆ ಇನ್ನೊಮ್ಮೆ ಹೋಗಲೂ ಬೇಡ.

ಸುಂದರಬಾಯಿಯವರಿಗೆ ನನ್ನ ನಮಸ್ಕಾರ ಹೇಳು.

ಮೇಲೆ ಎರಡು ಸಾಲು ಹೊಡೆದುಹಾಕಿದ್ದೇನೆ. ಮಸಿ ಚೆಲ್ಲಿತು. ಅದರಲ್ಲಿ ಮುಖ್ಯವಾದದ್ದೇನೂ ಇರಲಿಲ್ಲ.

ಇಲ್ಲಿ ತೊಗರಿ ಬಿತ್ತಿ ಮುಗಿಯಿತು. ಮಳೆ ಒಂದು ಸಲ ಬಂದು ಹೋಗಿದೆ. ಭಾವ ಮತ್ತೆ ಆಗಸ್ಟಿನಲ್ಲಿ ಆ ಕಡೆ ಬರಬಹುದು.

ಪೀರಮ್ಮ


ಶಹಾಬಾದ್
೧೯ ಜುಲೈ ೧೯೭೪

ಅಕ್ಕಾ,

ಬರೆಯಲು ತಡವಾಯಿತು. ಕೆಲಸಕ್ಕೆ ಹೊಂದಿಕೊಂಡೆ. ಈಗ ಒಂದೇ ಕೈಯಲ್ಲಿ ಮೂರು ಲೈನು ಕೂಡಿಸುತ್ತೇನೆ. ಸುಲೇಪೇಟದ ಲೈನು ಬಂದಾಗಲೆಲ್ಲ ನಿಮ್ಮ ಪೋಸ್ಟ್‌ಮಾಸ್ತರರ ಕೆಮ್ಮು ಕೇಳುತ್ತದೆ, ನಿನ್ನನ್ನೇ ನೋಡಿದಂತಾಗುತ್ತದೆ.

ಹೋದ ವಾರ ಶಿಶುವಿಹಾರಕ್ಕೆ ಇನ್‌ಸ್ಪೆಕ್ಟರು ಬಂದಿದ್ದರಂತೆ. ಎಂಟು ನಿಮಿಷ ಇದ್ದರಂತೆ. "ಇಷ್ಟು ಶಾಂತ ಮಕ್ಕಳನ್ನ ನಾ ಜಿಲ್ಲಾದಾಗ ಎಲ್ಲೂ ನೋಡಿಲ್ಲ" ಎಂದು ಪುಸ್ತಕದಲ್ಲಿ ಬರೆದು ಹೋಗಿದ್ದಾರೆ. ಸುಂದರಬಾಯಿ ನನಗೆ ಅದನ್ನು ತೋರಿಸಿದರು. ಇದೇ ಇಪ್ಪತ್ತೇಳಕ್ಕೆ ಗುಲಬರ್ಗಾದಿಂದ ದೊಡ್ಡ ಅಧಿಕಾರಿ ಬರುತ್ತಾರೆ, ಅಂದೇ ಲೈಸೆನ್ಸನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸುತ್ತಾರಂತೆ. ಸರಿಯಾದ ಜಾಗ ಆರಿಸಿದೆ ಎಂದು ನನಗೇ ಹೆಮ್ಮೆಯಾಯಿತು.

ಒಂದೆರಡು ವಿಷಯ ಕೇಳಬೇಕು. ರಮಾ ನಿನ್ನ ಮನೆಯಿಂದ ಬಂದಾಗ ಇಪ್ಪತ್ತೆರಡು ಮಾತು ಆಡುತ್ತಿದ್ದಳು, ನಾನು ಬರೆದಿಟ್ಟುಕೊಂಡಿದ್ದೆ. ಈಗ ಆರು. ಊಟ ಬೇಡ ಎನ್ನುತ್ತಾಳೆ. ಹೊಟ್ಟೆ ಕಟ್ಟಿದೆ, ಮೂರು ನಾಲ್ಕು ದಿನಕ್ಕೊಮ್ಮೆ ಹೊರಕಡೆಗೆ ಹೋಗುತ್ತಾಳೆ. ಕಾಲಿನ ಗೆಜ್ಜೆ ತಾನಾಗಿಯೇ ಜಾರಿ ಬೀಳುತ್ತಿದೆ. ಮನೆಗೆ ಬಂದ ಮೇಲೂ ಕೂತಲ್ಲಿ ಕೂತಿರುತ್ತಾಳೆ, ನೊಣ ಮುಖದ ಮೇಲೆ ಕೂತರೂ ಓಡಿಸುವುದಿಲ್ಲ.

ಇನ್ನೊಂದು ವಿಚಿತ್ರ. ರವಿವಾರ ಶಿಶುವಿಹಾರಕ್ಕೆ ರಜೆ. ರವಿವಾರ ಮಧ್ಯಾಹ್ನವಾಯಿತೆಂದರೆ ಮೂಗು ಮತ್ತೆ ಸೋರಲು ಶುರು, ಹಠ ಶುರು. ಸೋಮವಾರ ಬೆಳಿಗ್ಗೆ ಆ ಮನೆಯ ಬಾಗಿಲು ಕಂಡರೆ ಸಾಕು, ನನ್ನ ಕೈಯಿಂದ ಜಿಗಿದು ಸುಂದರಬಾಯಿಯ ಕಡೆ ಎರಡೂ ಕೈ ಚಾಚುತ್ತಾಳೆ. ಅಷ್ಟು ಹಚ್ಚಿಕೊಂಡಿದ್ದಾಳೆ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ನೀನು ಹೊಡೆದುಹಾಕಿದ ಎರಡು ಸಾಲುಗಳನ್ನು ಬೆಳಕಿಗೆ ಹಿಡಿದು ನೋಡಿದೆ. "ಒಂದಕ್ಕಿಂತ" ಎಂಬ ಒಂದು ಪದ ಮಾತ್ರ ಓದಲು ಬಂತು. ಏನದು?

ಭೀಮಬಾಯಿ


ಸುಲೇಪೇಟ
೨೪ ಜುಲೈ ೧೯೭೪

ಭೀಮಾ,

ಈ ಪತ್ರ ಕಂಡ ತಕ್ಷಣ ರಮಾಳನ್ನು ಕರೆದುಕೊಂಡು ಊರಿಗೆ ಹೊರಟು ಬಾ. ರಜೆ ಸಿಗದಿದ್ದರೂ ಬಾ. ಒಂದು ದಿನವೂ ಅಲ್ಲಿ ಬಿಡಬೇಡ. ಕಾರಣ ಇಲ್ಲಿ ಬಂದ ಮೇಲೆ ಹೇಳುತ್ತೇನೆ. ಗಾಬರಿಯಾಗುವಂಥದ್ದೇನೂ ಇಲ್ಲ.

ಪೀರಮ್ಮ


ಗುಲಬರ್ಗಾ, ಸರ್ಕಾರಿ ಆಸ್ಪತ್ರೆ
೩೧ ಜುಲೈ ೧೯೭೪

ಪೀರಮ್ಮಕ್ಕನಿಗೆ,

ರಮಾ ಬದುಕಿದ್ದಾಳೆ. ನಿನ್ನೆ ಸಂಜೆ ಕಣ್ಣು ಬಿಟ್ಟಳು. ಇದಕ್ಕಿಂತ ಮೊದಲು ನಿನಗೆ ಬರೆಯಲು ನನ್ನಿಂದ ಆಗಲಿಲ್ಲ. ಈಗ ಆದದ್ದನ್ನು ಆದಂತೆ ಬರೆಯುತ್ತೇನೆ.

ಶನಿವಾರ, ಇಪ್ಪತ್ತೇಳನೆಯ ತಾರೀಖು, ಮೂರು ಗಂಟೆಗೆ ಡ್ಯೂಟಿ ಮುಗಿಸಿ ಹೋದೆ. ಗುಲಬರ್ಗಾದ ಅಧಿಕಾರಿ ಬಂದು ಹೋಗಿ ಒಂದು ತಾಸಾಗಿತ್ತು. ಮೇಜಿನ ಮೇಲೆ ಹಾರ, ಖಾಲಿ ಚಹಾ ಕಪ್ಪುಗಳು. ಹದಿನಾಲ್ಕು ಹಾಸಿಗೆಯಲ್ಲಿ ಹದಿನಾಲ್ಕು ಮಕ್ಕಳು ಮಲಗಿದ್ದವು. ಒಂಬತ್ತನೆಯ ನಂಬರಿನಲ್ಲಿ ನಮ್ಮದು. ಎತ್ತಿಕೊಂಡೆ. ತಲೆ ಹಿಂದಕ್ಕೆ ಬಿತ್ತು. ತುಟಿ ನೇರಳೆ ಹಣ್ಣು ತಿಂದ ಹಾಗೆ ಇತ್ತು. ಎದೆ ಏರುವುದನ್ನು ಕಾಯುತ್ತ ನಿಂತೆ, ಏರಿತು. ಮತ್ತೆ ಏರುವಷ್ಟರಲ್ಲಿ ನಾನು ಹನ್ನೊಂದು ಎಣಿಸಿದ್ದೆ.

"ನಿದ್ದ್ಯಾಗ ಅದ ಬಾಯಿ, ಎಬ್ಬಿಸಬ್ಯಾಡ್ರಿ" ಎಂದು ಆಯಾ ಅಂದಳು.

ಓಡಿದೆ. ಯಾವ ದಾರಿ ಹಿಡಿದೆನೋ ಗೊತ್ತಿಲ್ಲ, ಜೈತುನ್‌ಬೀ ತನ್ನ ಪಡಸಾಲೆಯಿಂದ ಇಳಿದು ಅಡ್ಡ ನಿಂತಳು. ನನ್ನನ್ನು ಏನೂ ಕೇಳಲಿಲ್ಲ. ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಉಳಿದಿತ್ತು. "ಅಫೀಮು. ಬಾಲಗೋಳಿ ಹಾಕ್ಯಾರ. ಅಂದೇ ನಿನಗ ಕೂಗಿ ಕೂಗಿ ಹೇಳಿದ್ನೆಲ್ಲೇ, ಕೇಳಿದಿ ಏನ?" ಎಂದಳು. ಮುಖಕ್ಕೆ ನೀರು ಹೊಡೆದಳು. ಅಂಗಾಲಿಗೆ ಬೆರಳಿನಿಂದ ಫಟ್ ಫಟ್ ಎಂದು ಬಡಿದಳು. "ಮಲಗಸಬ್ಯಾಡ. ಬೈ ಅದಕ್ಕ, ಚಿವುಟು, ಅಳಿಸು. ಅತ್ತಿತಂದ್ರ ಉಳೀತದ" ಎನ್ನುತ್ತ ತನ್ನ ಕೂಸುಗಳನ್ನು ನೆರೆಮನೆಯವಳಿಗೆ ಒಪ್ಪಿಸಿ ನನ್ನ ಜೊತೆ ಟಾಂಗಾ ಹತ್ತಿದಳು. ಜೂನಿನಲ್ಲಿ ಈ ಅಳು ನಿಲ್ಲಲಿ ಎಂದು ಬೇಡಿದವಳು ನಾನು. ಆ ಟಾಂಗಾದಲ್ಲಿ ನನ್ನ ಮಗಳ ತೋಳಿಗೆ ಉಗುರು ನಾಟಿಸುತ್ತ, ಅಳು ತಾಯಿ, ಅಳು ಎನ್ನುತ್ತಿದ್ದೆ.

ಸ್ಟೇಷನ್ನಿನಲ್ಲಿ ರೈಲು ಹಿಡಿದು ಗುಲಬರ್ಗಾ ಮುಟ್ಟಿದೆವು. ಇಲ್ಲಿಯ ಡಾಕ್ಟರು ಹೊಟ್ಟೆ ತೊಳೆದರು, ಸೂಜಿ ಹಾಕಿದರು, ಮೂಗಿಗೆ ಆಕ್ಸಿಜನ್ ಕೊಟ್ಟರು. ಆಮೇಲೆ ನನ್ನನ್ನು ಕರೆದು "ಎಷ್ಟು ದಿನದಿಂದ ಕೊಡಾಕತ್ತೀರಿ?" ಎಂದು ಕೇಳಿದರು. ಕೊಟ್ಟಿದ್ದೀರಾ ಎಂದಲ್ಲ. ಎಷ್ಟು ದಿನದಿಂದ ಎಂದು. ಇದು ಒಂದು ದಿನದ್ದಲ್ಲ, ಒಂದು ತಿಂಗಳದ್ದೂ ಅಲ್ಲ, ಕೂಸಿಗೆ ಚಟ ಹತ್ತಿ ಬಹಳ ದಿನವಾಗಿದೆ ಎಂದರು. ಜೂನ್ ತಿಂಗಳ ಆ ಅಳು, ಮೂಗು, ಬೆವರು, ಭೇದಿ ಎಲ್ಲ ಅದು ಸಿಗದೆ ಆದದ್ದು ಎಂದರು.

ಪೊಲೀಸರು ಸುಂದರಬಾಯಿಯನ್ನು ಇಲ್ಲಿಗೆ ಕರೆತಂದಿದ್ದರು. ನಾನು ಅವಳ ಸೆರಗು ಹಿಡಿದು ಎಳೆದೆ. ಅವಳು ನನ್ನ ಕೈ ಕಿತ್ತುಹಾಕಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ನನ್ನ ಮ್ಯಾಲ್ಯಾಕ ಬರ್ತಿ? ನಿಮ್ಮ ಭಾವನೇ ಚೀಲ ಕೊಟ್ಟು ಹೋಗ್ಯಾನ. 'ನಮ್ಮ ಕೂಸಿಗಿ ರೂಢಿ ಅದ, ದಿನಾ ಮುಂಜಾನಿ ಒಂದು ಹಾಕ್ರಿ, ಅವ್ರ ಅವ್ವಗ ಹೇಳಬ್ಯಾಡ್ರಿ' ಅಂದ. ಹೊಸ ಕೂಸಿಗಿ ಕೇಳದ ಹಾಕಾಕ ಹೆದರಿದ್ದೆ, ಅಂವ ಹೇಳಿದ ಮ್ಯಾಲ ಹಾಕ್ತಿದ್ದೆ. ಅವತ್ತು ಸಾಹೇಬ್ರು ಬರೋರಿದ್ರಂತ ಆಯಾ ಎಲ್ಲಾ ಕೂಸುಗಳಿಗಿ ನಮ್ಮ ಗೋಳಿ ಹಾಕ್ಯಾಳ. ನಿಮ್ಮದಕ್ಕ ನಾ ಮೊದಲೇ ಹಾಕಿದ್ದು ಆಕಿಗಿ ಗೊತ್ತಿಲ್ಲ. ನಾ ಏನ್ ಹೊಸಾದು ಮಾಡೀನಿ?"

"ನೀ ಸುಳ್ಳಿ" ಎಂದು ಎಲ್ಲರ ಮುಂದೆ ಸುಂದರಬಾಯಿಯ ಕೆನ್ನೆಗೆ ಹೊಡೆದೆ. ಹವಾಲ್ದಾರ ಚೀಲ ತೆಗೆದು ಮೇಜಿನ ಮೇಲಿಟ್ಟ. ರಮಾಳ ಫ್ರಾಕು ಹೊಲಿದು ಉಳಿದ ಬಟ್ಟೆ. ಅದರ ಅಂಚಿನ ಹೊಲಿಗೆ ನಿನ್ನದು.

ನಿನ್ನ ೨೪ರ ಪತ್ರ ಶನಿವಾರ ಮಧ್ಯಾಹ್ನದ ಟಪಾಲಿನಲ್ಲಿ ಬಂದಿತ್ತು. ಸೋಮವಾರ ನಾಗೇಂದ್ರಪ್ಪನವರು ಆಸ್ಪತ್ರೆಗೆ ತಂದು ಕೊಟ್ಟರು. ಶನಿವಾರ ಬೆಳಿಗ್ಗೆಯೇ ಅದು ನನ್ನ ಕೈ ಸೇರಿದ್ದರೂ ಅದರಲ್ಲಿ ಏನಿತ್ತು? ಗಾಬರಿಯಾಗುವಂಥದ್ದೇನೂ ಇಲ್ಲ ಎಂದು ಬರೆದಿದ್ದೀಯ. ನಿಮ್ಮ ಪೋಸ್ಟ್ ಆಫೀಸಿನಲ್ಲಿ ಫೋನ್ ಇದೆ. ಆ ಲೈನನ್ನು ದಿನಕ್ಕೆ ನಾಲ್ಕು ಸಲ ನಾನೇ ಕೂಡಿಸುತ್ತೇನೆ. ಒಂದು ಮಾತು ಸಾಕಿತ್ತು.

ಎಷ್ಟು ದಿನದಿಂದ, ಅಕ್ಕಾ? ಡಾಕ್ಟರು ನನ್ನನ್ನು ಕೇಳಿದ್ದನ್ನು ನಾನು ನಿನ್ನನ್ನು ಕೇಳುತ್ತಿದ್ದೇನೆ.

ಭೀಮಬಾಯಿ


ಸುಲೇಪೇಟ
೫ ಆಗಸ್ಟ್ ೧೯೭೪

ಭೀಮಾ,

ನನ್ನ ಮನೆಯಲ್ಲೇ ಏಳು ತಿಂಗಳು. ನೀನು ಬಿಟ್ಟು ಹೋದ ಮೂರನೆಯ ವಾರದಿಂದ.

ನೀನು ಹೋದ ಮೇಲೆ ಅವಳು ಮೊಲೆ ಹುಡುಕುತ್ತ ಅಳುತ್ತಿದ್ದಳು. ಮುಂಗಾರಿ ಜೋಳದ ಕೊಯ್ಲು ಬಂತು. ಗಿಡಕ್ಕೆ ತೊಟ್ಟಿಲು ಕಟ್ಟಿ ಸಾಸಿವೆಕಾಳಿನಷ್ಟು ಗೋಳಿಯನ್ನು ಹಾಲಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದೆ. ಇಲ್ಲಿ ಕೂಲಿಗೆ ಹೋಗುವ ಯಾವ ಹೆಣ್ಣುಮಗಳು ಹಚ್ಚುವುದಿಲ್ಲ? ಇದಕ್ಕೆ ನಾವು ಬಾಲಗೋಳಿ ಎನ್ನುತ್ತೇವೆ. ವಿಷ ಎಂದು ಯಾರೂ ಅನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಹಲ್ಲು ಬರುವಾಗ, ಹೊಟ್ಟೆ ನೋವಿಗೆ, ನಿದ್ದೆಗೆ. ನೀನು ಕಲಿತವಳು, ಬಯ್ಯುತ್ತೀಯ ಎಂದು ಹೇಳಲಿಲ್ಲ. ಅವಳು ಅಲ್ಲಿ ಅಳುತ್ತಾಳೆ ಎಂದು ಬರೆದಾಗ ಯಾಕೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಅದಕ್ಕೇ ಗೋಳಿಯ ಚೀಲವನ್ನು ಇವರ ಕೈಯಲ್ಲಿ ಕಳಿಸಿದೆ. ಹೊಡೆದುಹಾಕಿದ ಸಾಲು ಇಷ್ಟೇ: ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ ಎಂದು ಸುಂದರಬಾಯಿಗೆ ಹೇಳು. ಬರೆದು, ಹೆದರಿ, ಹೊಡೆದೆ.

ಇವರಿಗೆ ಚೀಲದಲ್ಲಿ ಏನಿದೆ ಎಂದು ಗೊತ್ತಿತ್ತು. ಆದರೆ ಅದು ಹೀಗೆ ಮಾಡುತ್ತದೆ ಎಂದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಂಬು, ನಂಬದಿರು.

ಇನ್ನು ಬರೆಯುವುದನ್ನು ನಿನ್ನ ಪತ್ರ ಬರುವವರೆಗೆ ನಾನೂ ಅರಿತಿರಲಿಲ್ಲ. ಪತ್ರದಲ್ಲಿ ತುಟಿಯ ಬಣ್ಣದ ಸಾಲನ್ನು ಮತ್ತೆ ಮತ್ತೆ ಓದಿದೆ. ಆ ಬಣ್ಣವನ್ನು ನಾನು ನೋಡಿದ್ದೇನೆ.

ನಿನಗಿಂತ ಮೊದಲು ನನಗೆ ಒಬ್ಬ ತಮ್ಮ ಇದ್ದ, ಭಗವಂತ. ಹತ್ತು ತಿಂಗಳಿಗೆ ತೀರಿಕೊಂಡ, ಗಾಳಿ ಸೋಕಿತು ಎಂದು ನಿನಗೆ ಹೇಳುತ್ತ ಬಂದಿದ್ದೇವೆ. ಆಗ ನನಗೆ ಏಳು ವರ್ಷ. ತೆಂಗಳಿ ಊರಿನ ಹೊಲದಲ್ಲಿ ಅವ್ವ ಕೊಯ್ಲಿಗೆ ಹೋಗಿದ್ದಳು. ತೊಟ್ಟಿಲು ತೂಗುವುದು ನನ್ನ ಕೆಲಸ. ಅವನು ಎದ್ದು ಅತ್ತ. ಹೊಲದ ಗೌಡ "ಏ ಹುಡುಗಿ, ಬಾಯಿ ಮುಚ್ಚಸ ಅದರದು, ಇಲ್ಲಂದ್ರ ನಿಮ್ಮವ್ವನ ಮನಿಗಿ ಕರ್ಕೊಂಡ್ ನಡಿ" ಎಂದು ಕೂಗಿದ. ಕೂಲಿ ಹೋಗುತ್ತದೆ ಎಂದು ಹೆದರಿದೆ. ಗಿಡಕ್ಕೆ ಹಾಕಿದ್ದ ಅವ್ವನ ಸೀರೆಯ ಗಂಟಿನಲ್ಲಿ ಗೋಳಿ ಇರುವುದು ಗೊತ್ತಿತ್ತು. ಒಂದನ್ನು ತೆಗೆದು ಬಾಯಿಗಿಟ್ಟೆ. ಅವನು ಸುಮ್ಮನಾದ. ಗೌಡ ನನಗೆ ಶಹಬ್ಬಾಸ್ ಎಂದ. ಸಂಜೆ ಅವ್ವ ಎತ್ತಿಕೊಂಡಾಗ ತುಟಿ ಹಾಗಿತ್ತು. ಮನೆಯಿಂದ ಹೊರಡುವಾಗ ಅವಳೂ ಹಚ್ಚಿಯೇ ತಂದಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ಕೊಟ್ಟಿದ್ದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದೇ ನನಗೆ ಹೊಳೆಯಲಿಲ್ಲ. ಔಷಧಿ ತಾನೇ.

ಆದರೆ ಅವ್ವ ಗಂಟು ಬಿಚ್ಚಿ ಎಣಿಸಿರಬೇಕು. ನೀನು ಹುಟ್ಟಿದ ಮೇಲೆ ನಿನಗೆ ಗೋಳಿಯನ್ನು ತನ್ನ ಕೈಯಿಂದಲೇ ಹಚ್ಚುತ್ತಿದ್ದಳು. ನನ್ನನ್ನು ಆ ಗಂಟಿನ ಹತ್ತಿರ ಬಿಡುತ್ತಿರಲಿಲ್ಲ. ತೊಟ್ಟಿಲು ತೂಗಲು ಬೇರೆ ಹುಡುಗಿಯನ್ನು ಕರೆಯುತ್ತಿದ್ದಳು. ನನ್ನ ಮೇಲೆ ಅವಳಿಗೆ ಪ್ರೀತಿ ಕಡಿಮೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವಳಿಗೆ ಗೊತ್ತಿತ್ತು ಭೀಮಾ. ಗೊತ್ತಿದ್ದೂ ಸಾಯುವವರೆಗೆ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ರಮಾಳಿಗೆ ಕೊಡುತ್ತಿದ್ದೆನೇ?

ಇದಕ್ಕೆ ಉತ್ತರ ಬರೆಯಬೇಕೆಂದು ನಾನು ಕೇಳುವುದಿಲ್ಲ.

ಪೀರಮ್ಮ


ಶಹಾಬಾದ್
೧೫ ಸೆಪ್ಟೆಂಬರ್ ೧೯೭೪

ಅಕ್ಕಾ,

ನಲವತ್ತು ದಿನ ತೆಗೆದುಕೊಂಡೆ. ನಿನ್ನ ಪತ್ರವನ್ನು ಎಷ್ಟು ಸಲ ಓದಿದರೂ ಅದು ಬೇರೆ ಯಾರದೋ ಮನೆಯ ಸುದ್ದಿಯಂತೆ ಕಾಣುತ್ತಿತ್ತು. ಈಗಲೂ ಒಮ್ಮೊಮ್ಮೆ ಹಾಗೆಯೇ ಕಾಣುತ್ತದೆ.

ರಮಾ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅತ್ತಳು. ಅದು ಮೈಯಿಂದ ಇಳಿಯುವವರೆಗೆ ಅಳಲೇಬೇಕು ಎಂದು ಡಾಕ್ಟರು ಹೇಳಿದ್ದರು. ಹನ್ನೆರಡನೆಯ ದಿನ ರೊಟ್ಟಿ ಕೇಳಿದಳು. ಈಗ ಹದಿನೇಳು ಮಾತು ಬಂದಿವೆ. ಎಡಗೈ ಸ್ವಲ್ಪ ಮೆತ್ತಗಿದೆ. ಅದು ಸರಿಹೋಗುತ್ತದೋ ಇಲ್ಲವೋ ಎಂದು ಅವರು ಹೇಳಲಿಲ್ಲ, ನಾನೂ ಎರಡನೆಯ ಸಲ ಕೇಳಲಿಲ್ಲ.

ಶಿಶುವಿಹಾರ ಮುಚ್ಚಿದ್ದಾರೆ. ಬಾಗಿಲ ಮೇಲಿದ್ದ ಲೈಸೆನ್ಸನ್ನು ಹವಾಲ್ದಾರ ಗಾಜಿನ ಸಮೇತ ಇಳಿಸಿಕೊಂಡು ಹೋದ. ಅದಕ್ಕೆ ಆ ಶನಿವಾರವೇ ಹೊಸ ಮುದ್ರೆ ಬಿದ್ದಿತ್ತು, ಇನ್ನೆರಡು ವರ್ಷಕ್ಕೆ.

ರಮಾಳನ್ನು ಜೈತುನ್‌ಬೀ ಹತ್ತಿರ ಬಿಡುತ್ತಿದ್ದೇನೆ. ಸುಂದರಬಾಯಿಯ ಮನೆಯ ಹದಿಮೂರು ಮಕ್ಕಳಲ್ಲಿ ಹನ್ನೊಂದು ಮಕ್ಕಳೂ ಅಲ್ಲಿಗೇ ಬಂದವು, ಬೇರೆ ಜಾಗ ಎಲ್ಲಿದೆ? ಮೊದಲ ವಾರ ಅಷ್ಟೂ ಒಟ್ಟಿಗೆ ಅತ್ತವು. ಗಲ್ಲಿಯವರು ಜಗಳಕ್ಕೆ ಬಂದರು. "ಏ ಜೈತುನ್, ಕೂಸು ಸಂಭಾಳಸ್ತೀಯೋ, ಕೊಯ್ಯಾಕತ್ತೀಯೋ?" ಎಂದು ಒಬ್ಬ ಕೂಗಿದ. ಅವಳು "ಹೂಂ, ನಿಂದೂ ಒಂದು ಇದ್ರ ತಂದು ಬಿಡು, ಜೋಡಿ ಆಗ್ತದ" ಅಂದಳು.

ಆ ಹನ್ನೊಂದು ತಾಯಂದಿರು ಗಾಬರಿಯಾಗಿ ಬಂದು, ಆ ಶಿಶುವಿಹಾರದವಳು ನಮ್ಮ ಮಕ್ಕಳಿಗೂ ಹೀಗೆ ಮಾಡಿದಳಲ್ಲ ಎಂದು ಶಾಪ ಹಾಕಿದರು. ಜೈತುನ್‌ಬೀ ಎಲ್ಲರನ್ನೂ ಕೂರಿಸಿ ಒಂದೇ ಮಾತು ಕೇಳಿದಳು: "ರವಿವಾರ ಆಕಿ ಮನಿ ಬಂದ್ ಇರ್ತಿತ್ತು. ರವಿವಾರ ನಿಮ್ಮ ಕೂಸು ಸುಮ್ಮ ಹ್ಯಾಂಗ ಇರ್ತಿತ್ತವ್ವ?"

ಒಂಬತ್ತು ಜನ ನೆಲ ನೋಡಿದರು. ಅವರಲ್ಲಿ ಒಬ್ಬಳು ಶಾಲೆಯಲ್ಲಿ ಕಲಿಸುವವಳು, ಒಬ್ಬಳು ದವಾಖಾನೆಯಲ್ಲಿ ಕೆಲಸ ಮಾಡುವವಳು. ನಾನು ಅವರ ಮುಖ ನೋಡುತ್ತಿದ್ದೆ. ಒಂಬತ್ತು ಮುಖದಲ್ಲೂ ನೀನೇ ಕಂಡೆ. ನಿನ್ನ ಮೇಲೆ ಮಾತ್ರ ಸಿಟ್ಟು ಇಟ್ಟುಕೊಳ್ಳುವುದು ಅಲ್ಲಿಯವರೆಗೆ ಸುಲಭವಾಗಿತ್ತು.

ನಾಗೇಂದ್ರಪ್ಪನವರು ಹೊಸ ಜಾಗದ ನಂಬರ್ ಕೇಳಿದರು. ನಂಬರ್ ಇಲ್ಲ, ಅರ್ಜಿ ಹಾಕಿಸುತ್ತಿದ್ದೇನೆ, ಅಲ್ಲಿಯವರೆಗೆ ನೀವು ಬರೆಯುವುದನ್ನು ಬರೆಯಿರಿ ಎಂದೆ. ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. ಇನ್ನೂ ಏನೂ ಬರೆದಿಲ್ಲ.

ಇನ್ನು ಬರೆಯಬೇಕಾದದ್ದು ಇದು. ಪೊಲೀಸರು ನನ್ನ ಹೇಳಿಕೆ ತೆಗೆದುಕೊಂಡರು. ಚೀಲ ಯಾರು ಕೊಟ್ಟರು ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ಸುಂದರಬಾಯಿಯ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಹವಾಲ್ದಾರನೇ ನನಗೆ ಆ ದಾರಿ ತೋರಿಸಿದ. ನಾನು ಭಾವನ ಹೆಸರು ಬರೆಸಿದೆ, ನಿನ್ನ ಹೆಸರು ಬರೆಸಿದೆ. ಆ ಮನೆಯನ್ನು ಆರಿಸಿದವಳು ನಾನು, ಎಚ್ಚರಿಸಿದವಳ ಮಾತು ಕೇಳದೆ ಎದ್ದು ಬಂದವಳು ನಾನು ಎಂದೂ ಬರೆಸಿದೆ. ಭಗವಂತನ ವಿಷಯ ಯಾರಿಗೂ ಹೇಳಿಲ್ಲ. ಏಳು ವರ್ಷದ ಹುಡುಗಿಯನ್ನು ನಾನು ಯಾವ ಕಟಕಟೆಗೂ ಏರಿಸುವುದಿಲ್ಲ. ನೀನೂ ಏರಿಸಬೇಡ.

ನಿಮ್ಮಿಬ್ಬರಿಗೂ ಚಿತ್ತಾಪುರದ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅದು ಮುಗಿದ ಮೇಲೆ ಇಲ್ಲಿಗೆ ಬಾ. ರಮಾ ಮೊನ್ನೆ ನಿನ್ನ ಹೆಸರು ಹೇಳಿದಳು. ನಿನ್ನನ್ನು ನೋಡಿ ನಗುತ್ತಾಳೋ, ಅಳುತ್ತಾಳೋ ನನಗೆ ಗೊತ್ತಿಲ್ಲ. ಎತ್ತಿಕೋ. ಎಷ್ಟು ಹೊತ್ತು ಬೇಕಾದರೂ ಎತ್ತಿಕೊಂಡಿರು. ನಾನು ಅಲ್ಲೇ ಪಕ್ಕದಲ್ಲಿ ನಿಂತಿರುತ್ತೇನೆ. ಆಚೆ ಹೋಗು ಎಂದು ಮಾತ್ರ ನನಗೆ ಹೇಳಬೇಡ.

ಭೀಮಬಾಯಿ